ಕನ್ನಡಿಯ ಮೇಲೆ ಮೂರು ಗೆರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಹೆಂಗಸಿಗೆ ಅಷ್ಟಾದರೂ ಇರದಿದ್ದರೆ ಗಿರಾಕಿಗಳು ತಲೆ ಮೇಲೆ ಕೂರುತ್ತಾರೆ, ಅದು ಬೇರೆ ಮಾತು. ಆದರೆ ಆ ಆಯುಧಪೂಜೆಯ ಬೆಳಿಗ್ಗೆ ನಾನು ಅಪ್ಪಾಜಿಯ ಮೇಲೆ ಕೂಗಾಡಿದ್ದು ಎದುರುಸಾಲಿನ ಬೇಕರಿಯವರೆಗೂ ಕೇಳಿಸಿತಂತೆ. ಎಲ್ಲಕ್ಕೂ ಕಾರಣ ಒಂದು ಕನ್ನಡಿ.

ಹಾಸನದಲ್ಲಿ ನಮ್ಮದೊಂದು ಆಕಾಶ ನೋಡುವವರ ಸಂಘವಿದೆ. ಹತ್ತು ಹನ್ನೆರಡು ಜನ ಇದ್ದೇವೆ. ನಮ್ಮ ಹಿರಿಯರೆಂದರೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು. ಹುರುಪಿನವನೆಂದರೆ ಅರಕಲಗೂಡಿನ ಒಬ್ಬ ಬಸ್ ಕಂಡಕ್ಟರು. ತಿಂಗಳಿಗೊಮ್ಮೆ ಸಾಲಗಾಮೆ ಕಡೆಯ ಹೊಲದಲ್ಲೋ ರಾಮನಾಥಪುರದ ಹೊಳೆದಂಡೆಯಲ್ಲೋ ಸೇರಿ, ಇದ್ದೊಂದು ಪುಟ್ಟ ದೂರದರ್ಶಕಕ್ಕೆ ಸರದಿ ನಿಲ್ಲುತ್ತಿದ್ದೆವು. ಒಂದು ಸಂಜೆ ಮೇಷ್ಟ್ರು, ದೊಡ್ಡದೊಂದನ್ನು ನಾವೇ ಯಾಕೆ ಮಾಡಬಾರದು ಅಂದರು. ಡ್ರಮ್ಮು, ಮರಳು, ಉಜ್ಜುವ ಪುಡಿ ಎಲ್ಲ ಇರುವುದು ನಮ್ಮ ಅಂಗಡಿಯಲ್ಲಿ ತಾನೇ? ಮಹಡಿಯ ಗೋದಾಮೇ ಕಾರ್ಖಾನೆಯಾಯಿತು.

ದೂರದರ್ಶಕದ ಜೀವವೆಲ್ಲ ಅದರ ತಳದಲ್ಲಿರುವ ಕನ್ನಡಿಯಲ್ಲಿ. ಅದನ್ನು ಮಾಡುವ ಕ್ರಮ ಕೇಳಿದರೆ ನಗು ಬರುತ್ತದೆ. ಮರಳು ತುಂಬಿದ ಡ್ರಮ್ಮಿನ ಮೇಲೆ ಆರಿಂಚು ಅಗಲದ ದಪ್ಪ ಗಾಜಿನ ಬಿಲ್ಲೆ ಇಟ್ಟು, ಪುಡಿ ಮತ್ತು ನೀರು ಹಾಕಿ, ಅಂಥದ್ದೇ ಇನ್ನೊಂದು ಬಿಲ್ಲೆಯಿಂದ ತಿಕ್ಕುತ್ತಾ ಡ್ರಮ್ಮನ್ನು ಸುತ್ತುವುದು. ಹತ್ತು ಸಲ ತಿಕ್ಕಿದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ. ಹೀಗೆ ಎಂಟು ತಿಂಗಳು, ಪ್ರತಿ ಭಾನುವಾರ! ಕಂಡಕ್ಟರು ಡ್ಯೂಟಿ ಮುಗಿಸಿದವನು ಖಾಕಿ ಅಂಗಿಯಲ್ಲೇ ಬಂದು, ಹೆಜ್ಜೆ ಬದಲಿಸುವಾಗೆಲ್ಲ 'ಹೋಲ್ಡಾನ್' ಅನ್ನುತ್ತಿದ್ದ, ಮತ್ತೆ ಶುರು ಮಾಡಲು 'ರೈಟ್'. ಅಪ್ಪಾಜಿ ಮೆಟ್ಟಿಲ ಮೇಲೆ ಕೂತು, ಗಂಧ ತೇಯ್ದಂಗೆ ಐತೆ ನಿಮ್ ಕೆಲ್ಸ ಎಂದು ಛೇಡಿಸುತ್ತಿದ್ದರು. ಮೇಲಿನ ಬಿಲ್ಲೆಯ ನಡು ನಿಧಾನಕ್ಕೆ ತಟ್ಟೆಯಂತೆ ತಗ್ಗಿತು. ಕೊನೆಗೆ ಅಲ್ಯೂಮಿನಿಯಂ ಲೇಪ ಹಾಕಿಸಲು ಬೆಂಗಳೂರಿಗೆ ಕಳಿಸಿದೆವು. ವಾಪಸು ತರಲು ಹೋದ ಕಂಡಕ್ಟರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದ. ಹಿರೀಸಾವೆಯಲ್ಲಿ ಬಸ್ಸು ನಿಂತರೂ ಕಾಫಿಗೆ ಇಳಿಯಲಿಲ್ಲ.

ಉದ್ದನೆಯ ಕೊಳವೆಯ ತಳಕ್ಕೆ ಅದನ್ನು ಕೂರಿಸಿದ ಮೇಲೆ ಒಂದೇ ನಿಯಮ: ಕನ್ನಡಿಯನ್ನು ಯಾರೂ ಮುಟ್ಟಬಾರದು. ಮನೆಯ ಕನ್ನಡಿಯಂತೆ ಲೇಪ ಗಾಜಿನ ಹಿಂದಿಲ್ಲ, ಮುಂದಿದೆ. ಬೆರಳು ತಾಗಿದರೆ ಕಲೆ, ಬಟ್ಟೆ ತಾಗಿದರೆ ಗೀರು. ಬಂದವರಿಗೆಲ್ಲ ಇದನ್ನು ಹೇಳಿದ್ದೆ. ಮನೆಯಲ್ಲೇ ಇರುವ ಅಪ್ಪಾಜಿಗೆ ಹೇಳಬೇಕೆಂದು ತೋಚಲೇ ಇಲ್ಲ.

ನಮಗೆ ಆತುರವೂ ಇತ್ತು. ಶನಿಗ್ರಹದ ಸುತ್ತ ಬಳೆಯಿದೆಯಲ್ಲ, ಅದು ಹೆಚ್ಚುಕಡಿಮೆ ಹದಿನೈದು ವರ್ಷಕ್ಕೊಮ್ಮೆ ನಮ್ಮ ಕಡೆಗೆ ಅಂಚು ಮಾತ್ರ ತೋರಿಸಿಕೊಂಡು ನಿಲ್ಲುತ್ತದೆ. ಆಗ ಬಳೆ ಕಾಣುವುದಿಲ್ಲ, ಗುಂಡನೆಯ ಗ್ರಹಕ್ಕೆ ಅಡ್ಡಲಾಗಿ ಎಳೆದ ಒಂದು ಸಣ್ಣ ಗೆರೆ ಕಾಣುತ್ತದೆ. ಆ ಗೆರೆಯ ವರ್ಷ ಅದೇ ಆಗಿತ್ತು. ಮೇಷ್ಟ್ರಿಗೆ ಎಪ್ಪತ್ತೆರಡು. ಮುಂದಿನ ಸಲಕ್ಕೆ ನಾನು ಲೆಕ್ಕಕ್ಕಿಲ್ಲ ಎಂದು ನಗುತ್ತಲೇ ಹೇಳಿದ್ದರು. ಹಬ್ಬ ಕಳೆದ ಶನಿವಾರವೇ ಹೊಳೆನರಸೀಪುರದ ಮೈದಾನದಲ್ಲಿ ಎಲ್ಲರಿಗೂ ತೋರಿಸುತ್ತೇವೆಂದು ಸಾರಿಬಿಟ್ಟಿದ್ದೆವು. ನನಗೋ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ.

ನಮ್ಮ ಮನೆಯ ಆಯುಧಪೂಜೆಯಲ್ಲಿ ಅಪ್ಪಾಜಿಯದೇ ಯಜಮಾನಿಕೆ. ತಕ್ಕಡಿ, ಟೇಪು, ಡ್ರಿಲ್ಲು, ಸ್ಕೂಟರು, ಕೊನೆಗೆ ಸ್ಟೇಪ್ಲರಿಗೂ ಒದ್ದೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೇಲೊಂದು ಹೂವು. ನಾನು ಬಾಳೆಕಂದು ಕಟ್ಟಿ ಮುಗಿಸಿ ಮಹಡಿಗೆ ಹೋದಾಗ ಅವರು ಕೊಳವೆಯಿಂದ ಕನ್ನಡಿಯನ್ನು ಬಿಚ್ಚಿ ಮಣೆಯ ಮೇಲೆ ಇಟ್ಟು, ಊದಿನಕಡ್ಡಿ ಬೆಳಗುತ್ತಿದ್ದರು. ಕನ್ನಡಿಯ ಮೈಮೇಲೆ ಈ ಅಂಚಿನಿಂದ ಆ ಅಂಚಿಗೆ ಮೂರು ಬೆರಳಿನಲ್ಲಿ ಒತ್ತಿ ಎಳೆದ ಮೂರು ಪಟ್ಟೆ.

ಏನೇನು ಅಂದೆನೋ ಈಗ ಪೂರ್ತಿ ನೆನಪಿಲ್ಲ. ಎಂಟು ತಿಂಗಳು ಮಣ್ಣುಪಾಲು ಅಂದೆ, ನಿಮಗೆ ಬುದ್ಧಿ ಇದೆಯಾ ಅಂದೆ, ಇನ್ನು ಮಹಡಿ ಹತ್ತಬೇಡಿ ಅಂದೆ. ಕೊನೆಯದಂತೂ ಚೆನ್ನಾಗಿ ನೆನಪಿದೆ. ಅವರು ಊದಿನಕಡ್ಡಿಯನ್ನು ಬಾಳೆಹಣ್ಣಿಗೆ ಸಿಕ್ಕಿಸಿ, ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದರು.

"ವರ್ಸ ಇಡೀ ಇದ್ರ ಮುಂದೇನೇ ನಿಂತಿದ್ದೆ ನೀನು. ಅಂಗಡೀಲಿರೋ ಆಯ್ದದಲ್ಲೆಲ್ಲ ಇದೇ ದೊಡ್ದು ಅಂದ್ಕಂಡೆ ಕಣವ್ವ."

ಮೆಟ್ಟಿಲಿಳಿದು ಹೋದರು. ಆವತ್ತು ಹಬ್ಬದ ಊಟಕ್ಕೆ ಕೂತವರು ಒಬ್ಬಟ್ಟು ಮುಟ್ಟಲಿಲ್ಲ.

ಮೇಷ್ಟ್ರು ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದರು. ಬೈಯಲಿಲ್ಲ, ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ನೀರು ಇದೆಯಾ ಎಂದು ಕೇಳಿದರು. ಉಪ್ಪಿನಂಶವಿಲ್ಲದ ಶುದ್ಧ ನೀರು ಅದೇ. ಕ್ಯಾನುಗಟ್ಟಲೆ ಸುರಿದು, ಉಜ್ಜದೆ, ಹತ್ತಿಯನ್ನು ಸುಮ್ಮನೆ ತೇಲಿಸಿ ಎಳೆದು, ವಿಭೂತಿ ಕರಗಿಸಿದೆವು. ಕುಂಕುಮ ಹೋಯಿತು, ಬೂದಿ ಹೋಯಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮೂರು ಬೆರಳಿನ ಜಾಡು ಹಾಗೇ ಉಳಿದಿತ್ತು, ಸಣ್ಣ ಗೀರುಗಳ ಮೂರು ಸಾಲು. ಚಿತ್ರ ಕೆಟ್ಟಿದೆಯೋ ಇಲ್ಲವೋ ಆಕಾಶಕ್ಕೆ ಹಿಡಿದೇ ನೋಡಬೇಕು ಎಂದರು ಮೇಷ್ಟ್ರು. ಲೇಪ ಮತ್ತೆ ಹಾಕಿಸಲು ಕಳಿಸಿದರೆ ಯಾವಾಗ ಬರುತ್ತದೋ, ಶನಿ ಕಾಯುತ್ತಾನೆಯೇ? ಎರಡು ದಿನ ಮೋಡ ಕವಿದು ಒಂದು ನಕ್ಷತ್ರವೂ ಕಾಣಲಿಲ್ಲ. ಪರೀಕ್ಷೆ ನೇರ ಜನರ ಮುಂದೆಯೇ ಎಂದಾಯಿತು.

ಶನಿವಾರ ಮಧ್ಯಾಹ್ನ ಲಗೇಜ್ ಆಟೋದಲ್ಲಿ ದೂರದರ್ಶಕ ಹೇರುವಾಗ, ಹಿಂದೆ ಕೂತು ಕೊಳವೆ ಹಿಡಿಯಲು ಒಬ್ಬರು ಬೇಕಾಯಿತು. ನನ್ನ ಮುಖವನ್ನೂ ಅಪ್ಪಾಜಿಯ ಮುಖವನ್ನೂ ಎರಡೆರಡು ಸಲ ನೋಡಿದ ಕಂಡಕ್ಟರು, ಯಜಮಾನ್ರೇ ಹತ್ತಿ, ಸೀಟೈತೆ ಅಂದ. ಹೊಳೆನರಸೀಪುರ ಬರುವವರೆಗೂ ಅಪ್ಪಾಜಿ ಎರಡೂ ಕೈಯಲ್ಲಿ ಕೊಳವೆಯನ್ನು ಅಪ್ಪಿ ಹಿಡಿದಿದ್ದರು. ಹಂಪು ಬಂದಾಗೆಲ್ಲ ನನಗೆ ಮುಂದಿನ ಸೀಟಿನಿಂದ ತಿರುಗಿ ನೋಡಬೇಕೆನಿಸುತ್ತಿತ್ತು. ತಿರುಗಲಿಲ್ಲ, ಹಟ.

ಕತ್ತಲಾಗುವ ಹೊತ್ತಿಗೆ ಮೈದಾನದಲ್ಲಿ ಸಾಲು ಗೇಟಿನವರೆಗೆ ಹೋಗಿತ್ತು. ಶನಿವಾರ ಶನಿಯ ದರ್ಶನ ಎಂದು ಕೆಲವರು ಚಪ್ಪಲಿ ಬಿಟ್ಟು ನಿಂತಿದ್ದರು. ಮೋಡ ಹರಿದಿತ್ತು. ಚಂದ್ರನಿಂದ ಪೂರ್ವಕ್ಕೆ, ಮಿನುಗದೆ ನಿಂತ ಹಳದಿ ಚುಕ್ಕಿ! ಕೊಳವೆಯನ್ನು ಅದರತ್ತ ತಿರುಗಿಸಿ ಕಣ್ಣಿಟ್ಟೆ. ಮೊದಲು ಮಸುಕು, ಆಮೇಲೆ ಒಂದು ಬೆಳಕಿನ ಮುದ್ದೆ. ಗುಂಡಿ ತಿರುಗಿಸಿದೆ, ಇನ್ನೊಂದಿಷ್ಟು ತಿರುಗಿಸಿದೆ.

ಶನಿ. ಪುಟ್ಟ ಗುಂಡು, ಅದರ ನಡುವಿನಿಂದ ಎರಡೂ ಕಡೆಗೆ ಚಾಚಿದ ಕೂದಲೆಳೆಯ ಬೆಳ್ಳಗಿನ ಗೆರೆ. ಗೀರಿಲ್ಲ, ಕಲೆಯಿಲ್ಲ. ನಾನು ನಿಂತಲ್ಲೇ ಕುಣಿದುಬಿಟ್ಟೆ, ಯಾರು ಏನಂದುಕೊಂಡರೋ. ಮೇಷ್ಟ್ರು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಕನ್ನಡಿಯ ಪ್ರತಿಯೊಂದು ಚೂರೂ ಇಡೀ ಶನಿಯನ್ನೇ ತೋರಿಸುತ್ತದೆ, ಅಲ್ಲೊಂದು ಇಲ್ಲೊಂದು ಗೀರಿದ್ದರೆ ಬೆಳಕು ಒಂದು ಗುಲಗಂಜಿ ಕಮ್ಮಿ ಅಷ್ಟೇ ಎಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, ನನಗೂ ಧೈರ್ಯವಿರಲಿಲ್ಲಮ್ಮ ಅಂದರು.

ಅಪ್ಪಾಜಿ ಆಟೋದ ಪಕ್ಕದಲ್ಲೇ ನಿಂತಿದ್ದರು. ಹೋಗಿ ಕೈ ಹಿಡಿದು ಕರೆದೆ. ನಾ ಮುಟ್ಟಾಕಿಲ್ಲ ಅಂದರು. ಮುಟ್ಟುವುದು ಬೇಡ, ನೋಡಿ ಅಂದೆ. ಚಪ್ಪಲಿ ಬಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಉಸಿರು ತಾಗೀತೆಂದು ಬಾಯನ್ನೂ ಬಿಗಿಹಿಡಿದಿದ್ದರು. ತುಸು ಹೊತ್ತಾದ ಮೇಲೆ ಅವರ ಹೆಗಲು ನಗುವಿಗೆ ಅಲುಗಿತು.

"ನಾ ಮೂರೆಳ್ದಿದ್ದೆ," ಅಂದರು. "ಇವ್ನು ಒಂದೇ ಎಳ್ಕಂಡವ್ನೆ ಕಣವ್ವ."

ಹಿಂದೆ ಸಾಲಿನಲ್ಲಿದ್ದವರು, ಎಷ್ಟೊತ್ತು ನೋಡ್ತೀರಿ ಯಜಮಾನ್ರೇ, ಬುಡಿ ಬುಡಿ ಎಂದು ಗದ್ದಲ ಎಬ್ಬಿಸಿದರು. ನಾನು ಸಾಲಿನ ಕಡೆ ತಿರುಗಿ, ಬೇಕರಿಯವರೆಗೆ ಕೇಳಿಸಿದ ಅದೇ ಗಂಟಲಿನಲ್ಲಿ ಹೇಳಿದೆ.

"ಸುಮ್ನಿರ್ರಿ. ನಮ್ಮಪ್ಪಾಜಿ ನೋಡ್ತಾವ್ರೆ."