ಎಕ್ಕದ ಗಿಡದ ಒಡತಿ ಬರುವ ದಿನ

ಗೇಟು ದಾಟಿದೊಡನೆ ಗಿರಿಜಾಬಾಯಿ ನಿಂತುಬಿಡುತ್ತಾರೆ. ಔರಾದಿನಿಂದ ಮೊದಲ ಬಸ್ಸಿಗೇ ಬಂದಿದ್ದಾರೆ; ಬಿಸಿಲು ಇನ್ನೂ ಅಂಗಳಕ್ಕಿಳಿದಿಲ್ಲ. ಚಿಂತಾಕಿಯ ಶಾಲೆಯ ಅಂಗಳ ಅಂಗೈಯಂತೆ ಬೋಳಾಗಿದೆ. ನಿನ್ನೆ ಸಂಜೆಯವರೆಗೆ ಅವರ ಇಂಗ್ಲಿಷ್ ಪಾಠ ಇದ್ದದ್ದು ಅಲ್ಲೇ.

“ಸರ, ಗಿಡ ಎಲ್ಲಿ ಹೋದ್ವುರಿ?”

“ಇವತ್ತು ತಪಾಸಣಿಗಿ ಸಾಹೇಬರು ಬರ್ತಾರ ಟೀಚರ್,” ಮುಖ್ಯಗುರು ಮಡೆಪ್ಪ ಬೀಗುತ್ತಾರೆ. “ಕಸ ಎಲ್ಲ ಸಾಫ್ ಮಾಡ್ಸೀನಿ.”

“ಕಸ ಅಲ್ರಿ ಅದು! ಎಷ್ಟ್ ಸಲ ಹೇಳ್ಬೇಕ್ರಿ? ನಾ ಬರೋ ತನ ತಡೀಲಕ ಆಗ್ಲಿಲ್ಲೇನ್ರಿ?”

ಭಾಲ್ಕಿಯ ಗಿರಿಜಾಬಾಯಿ ಔರಾದಿನಲ್ಲಿ ಕೋಣೆ ಹಿಡಿದಿರುವ, ಇಲ್ಲಿನ ಅತಿಥಿ ಶಿಕ್ಷಕಿ. ಸತತ ಬರದ ಈ ವರ್ಷಗಳಲ್ಲಿ, ಬಿಸಿಯೂಟದ ತಟ್ಟೆ ತೊಳೆದ ನೀರು ಹರಿಯುವ ಅಂಗಳದ ಕಾಲುವೆಯ ಬದಿಯಲ್ಲಷ್ಟೇ ಹಸಿರು: ತುಂಬೆ, ಉತ್ತರಾಣಿ, ಎಕ್ಕ. ಒಂದೊಂದು ಗಿಡಕ್ಕೆ ಒಂದೊಂದು ಮಗು ಒಡೆಯ. ಯಾವ ಹುಳ ಕೂತಿತು, ಎಲೆ ಯಾಕೆ ಬಾಡಿತು ಎಂಬುದನ್ನು ದಿನವೂ ಗಿಡದ ಮುಂದೆ ನಿಂತು ಇಂಗ್ಲಿಷಿನಲ್ಲೇ ಹೇಳಬೇಕು. ಹೈದರಾಬಾದಿಗೆ ದುಡಿಯಲು ಹೋಗುವ ಮನೆಯ ಮಗು ತನ್ನ ಗಿಡವನ್ನು ಗೆಳತಿಗೋ ಗೆಳೆಯನಿಗೋ ಒಪ್ಪಿಸಿ ಹೋಗುತ್ತದೆ.

“ಬೀದರದಾಗ ತರಬೇತಿ ಕೊಟ್ರು, ಚಿತ್ರದ ಕಾರ್ಡ್ ಕೊಟ್ರು. ಕಾರ್ಡಿನ್ಯಾಗ ಪೆಂಗ್ವಿನ್!” ಅವರು ಹಣೆ ಚಚ್ಚಿಕೊಳ್ಳುತ್ತಾರೆ. “ನಮ್ಮ ಹುಡುಗ್ರು ಪೆಂಗ್ವಿನ್ ಕೂಡ ಏನ್ ಮಾತಾಡ್ಬೇಕ್ರಿ? ಗಿಡ ಇದ್ರ ಹುಡುಗ್ರು ಸಾಲಿಗಿ ವಾಪಸ್ ಬರ್ತಾವ.”

ಇವತ್ತು ಬರಬೇಕಾದವಳು ಸುಭದ್ರಾ, ಎಕ್ಕದ ಗಿಡದ ಒಡತಿ. ಅಪ್ಪ ಕಾಶೀರಾಮ ಅವಳನ್ನು ಹೈದರಾಬಾದಿನಲ್ಲೇ ಮನೆಗೆಲಸಕ್ಕೆ ಹಚ್ಚಲು ನಿಶ್ಚಯಿಸಿದ್ದಾನೆ. ಗಿಡ ನೋಡಲೇಬೇಕೆಂಬ ಹಟಕ್ಕೆ ಸೋತು ಊರಿಗೆ ಕರೆತಂದಿದ್ದಾನೆ. ನಾಳೆ ಮರಳಿ ಹೊರಡುತ್ತಾನೆ. ಒಬ್ಬನೇ ಹೊರಡುತ್ತಾನೋ, ಮಗಳೊಂದಿಗೋ?

ಸಾಹೇಬರ ಜೀಪು ನಿಲ್ಲುತ್ತದೆ. ಅಂಗಳದ ಚೊಕ್ಕಟವನ್ನು ಅವರು ಹೊಗಳುತ್ತಿರುವಾಗಲೇ ಅಪ್ಪನೊಂದಿಗೆ ಗೇಟಿಗೆ ಬಂದ ಸುಭದ್ರಾ ಅವನ ಕೈ ಬಿಡಿಸಿಕೊಂಡು ಕಾಲುವೆಗೆ ಓಡುತ್ತಾಳೆ. ನಿಲ್ಲುತ್ತಾಳೆ. ತಿರುಗುತ್ತಾಳೆ.

“ವೇರ್ ಈಸ್ ಮೈ ಪ್ಲಾಂಟ್? ಹೂ ಕಟ್ ಇಟ್?”

“ಶಾಬಾಸ್!” ಸಾಹೇಬರು ಚಪ್ಪಾಳೆ ತಟ್ಟುತ್ತಾರೆ. “ಎಂಥಾ ಇಂಗ್ಲಿಷು! ಇನ್ನೊಮ್ಮೆ ಹೇಳವ್ವ.”

ಗಿರಿಜಾಬಾಯಿಯ ಸಹನೆ ಅಲ್ಲಿಗೆ ಮುಗಿಯುತ್ತದೆ. “ಸಾಹೇಬರ, ಆಕಿ ಪಾಠ ಒಪ್ಪಿಸ್ಲತ್ತಿಲ್ರಿ. ಕೇಳ್ಲತ್ತಾಳ. ಜವಾಬು ಕೊಡ್ರಿ!”

ಚಪ್ಪಾಳೆ ನಿಲ್ಲುತ್ತದೆ. ಮಡೆಪ್ಪ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕೂಳೆಯನ್ನು ಬೆರಳಿನಿಂದ ಬಿಡಿಸುತ್ತಾರೆ. “ನಾನೇ ಕಡಿಸ್ದೆ, ತಾಯಿ. ಬೇರು ಅದ ನೋಡು. ಎಕ್ಕ ಚಿಗೀತದ.”

ಸುಭದ್ರಾ ಕೂಳೆಯಿಂದ ಒಸರಿದ ಹಾಲನ್ನು ನೋಡುತ್ತಾಳೆ, ಅಪ್ಪನನ್ನು ನೋಡುತ್ತಾಳೆ. “ಚಿಗಿಯೂ ತನ ನಾ ಎಲ್ಲೂ ಬರಂಗಿಲ್ಲ.”

“ಚಿಗತ ಮ್ಯಾಲ?” ಕಾಶೀರಾಮ ರೇಗುತ್ತಾನೆ.

“ಹುಳ ಬರ್ತಾವಲ್ಲ! ಟೀಚರಿಗಿ ಯಾರ್ ಹೇಳ್ಬೇಕು?”

ಮರುದಿನ ಬಸ್ಸಿಗೆ ಕಾಶೀರಾಮ ಒಬ್ಬನೇ ಹತ್ತುತ್ತಾನೆ. ಮಗಳು ಅಜ್ಜಿಯ ಮನೆಯಲ್ಲಿ ಉಳಿದಿದ್ದಾಳೆ.

ತಮಗಾಗಿ ಏನು ಬೇಕೆಂದು ಮಡೆಪ್ಪ ಕೇಳಿದರೆ ಗಿರಿಜಾಬಾಯಿ ಸಿಡುಕುತ್ತಾರೆ. “ಸನ್ಮಾನ ಗಿನ್ಮಾನ ಬ್ಯಾಡ್ರಿ. ಮುಂದಿನ್ ಸಲ ಸಾಹೇಬರು ಬರೂದಿದ್ರ ನನಗ ಮೊದ್ಲ ಹೇಳ್ರಿ. ಗೇಟಿನ್ಯಾಗೇ ಕುರ್ಚಿ ಹಾಕಿ ಚಹಾ ಕೊಡ್ತೇನಿ. ಅಂಗಳ ಮಾತ್ರ ನಮಗ ಬಿಡ್ರಿ.”