ಹುಣಸೆಹಣ್ಣಿಗೆ ಸಿಕ್ಕ ಹಾಫ್ ಸೆಂಟ್‌ಗಳು

ಸೇಲಂ ಕಡೆಯ ನಮ್ಮೂರು ಪಾಪಿರೆಡ್ಡಿಪಟ್ಟಿ ಸುತ್ತಮುತ್ತ ಅಮೆರಿಕದ ಹಳೇ ತಾಮ್ರದ ನಾಣ್ಯ ಕೂಡಿಡುವವನು ನಾನೊಬ್ಬನೇ. ಇದು ಹೆಮ್ಮೆಯ ಮಾತಲ್ಲ, ಉಳಿದವರಿಗೆಲ್ಲ ಬುದ್ಧಿ ನೆಟ್ಟಗಿದೆ ಅನ್ನುವುದಕ್ಕೆ ಸಾಕ್ಷಿ. ನನ್ನ ಡಬ್ಬಿಯಲ್ಲಿ ಇದ್ದವೆಲ್ಲ ಸವೆದು ಕಂದು ಬಣ್ಣಕ್ಕೆ ತಿರುಗಿದ ಹಾಫ್ ಸೆಂಟ್‌ಗಳು. ಇಲ್ಲದ್ದು ಒಂದೇ, ಪ್ರೂಫ್ ನಾಣ್ಯ. ಅಂದರೆ ಸಂತೆಯಲ್ಲಿ ಓಡಾಡಲಿಕ್ಕಲ್ಲ, ದೊಡ್ಡವರಿಗೆ ತೋರಿಸಲಿಕ್ಕೆಂದೇ ನುಣುಪಾದ ಅಚ್ಚಿನಲ್ಲಿ ಹೊಡೆದದ್ದು.

"ಪ್ರೂಫ್ ಬೇಕು, ಪ್ರೂಫ್ ಬೇಕು" ಎಂದು ಮನೆಯಲ್ಲಿ ಗೋಳಾಡಿದರೆ ಅಪ್ಪ, "ಆಧಾರ್ ಜೆರಾಕ್ಸ್ ಬೀರುವಿನಾಗೆ ಐತೆ, ತಕೊಂಡೋಗ್ಲಾ" ಅಂದರು.

ಕಡೆಗೂ ಸೇಲಂನ ಹಿರಿಯ ಸಂಗ್ರಾಹಕರೊಬ್ಬರ ಬಳಿ ಒಂದು ಪತ್ತೆಯಾಯಿತು. ಅಂಚಿಗೆ ಪೆಟ್ಟು ಬಿದ್ದ ಪ್ರೂಫ್ ಹಾಫ್ ಸೆಂಟ್. ಪೆಟ್ಟು ಬಿದ್ದು ಬೆಲೆ ಇಳಿದಿದ್ದಕ್ಕೇ ಅದು ನನ್ನಂಥವನ ಕಡೆ ತಿರುಗಿ ನೋಡಿದ್ದು. ನನ್ನ ಡಬ್ಬಿ ಪೂರ್ತಿ ಕೊಟ್ಟರೆ ಅದನ್ನು ಬಿಟ್ಟುಕೊಡುತ್ತೇನೆ, ಭಾನುವಾರ ಬಾ ಎಂದು ಫೋನಿನಲ್ಲಿ ಹೇಳಿದರು. ವಾರವಿಡೀ ಅವ್ವನ ತಲೆ ತಿಂದೆ. ಪ್ರೂಫ್ ಅಂದರೆ ಕನ್ನಡಿ ಥರ ಹೊಳೆಯುತ್ತೆ, ಮುಖ ಕಾಣುತ್ತೆ ಎಂದೆಲ್ಲ ವರ್ಣಿಸಿದೆ. ಹಳೇ ತಾಮ್ರವನ್ನು ಯಾರೂ ಉಜ್ಜಬಾರದು, ಆ ಕಂದು ಬಣ್ಣವೇ ಅದರ ಬೆಲೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಭಾಷಣ ಉದ್ದವಾದಷ್ಟೂ ಮುಖ್ಯವಾದದ್ದು ಬಿಟ್ಟುಹೋಗುವುದು ನನ್ನ ಹುಟ್ಟುಗುಣ.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಹಿತ್ತಲಲ್ಲಿ ಕೂತು, ಹುಣಸೆಹಣ್ಣು ಉಪ್ಪು ಹಾಕಿ, ನನ್ನ ಇಡೀ ಅಮೆರಿಕವನ್ನು ಪೂಜೆಯ ಚೊಂಬಿನಂತೆ ಬೆಳಗಿಟ್ಟಿದ್ದಳು. ನಾಣ್ಯಗಳು ಹೊಸ ಕರೆಂಟ್ ವೈರಿನ ಹಾಗೆ ಮಿನುಗುತ್ತಿದ್ದವು.

"ಅವ್ವಾ! ಏನ್ ಮಾಡ್ಬುಟ್ಟೆ?"

"ದೊಡ್ಡೋರ ಮನೆಗೆ ಕೊಳೆ ಕಾಸ್ ತಕೊಂಡೋಗ್ತಾರೇನ್ಲಾ? ಮೊಕ ಕಾಣ್ಬೇಕು ಅಂತ ನೀನೇ ಯೋಳ್ದೆ. ನೋಡು, ಈಗ ಎಲ್ಲಾನೂ ಪ್ರೂಫೇ!"

ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಆದರೂ ಆಸೆ ನೋಡಿ, ಮೊರಪ್ಪೂರಿನಲ್ಲಿ ರೈಲು ಹತ್ತಿ ಸೇಲಂಗೆ ಹೋದೆ.

ಸಂಗ್ರಾಹಕರು ನನ್ನ ಡಬ್ಬಿ ತೆರೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ನಾಣ್ಯವನ್ನು ಮೂಗಿನ ಹತ್ತಿರ ಹಿಡಿದು ತಮಿಳಿನಲ್ಲಿ ಕೇಳಿದರು:

"ಎನ್ನ ತಂಬಿ ಇದು? ಪುಳಿಯಾ?"

"ಪುಳಿ ದಾನ್ ಸಾರ್" ಎಂದು ಹುಣಸೆಹಣ್ಣನ್ನು ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಬರುತ್ತಿದ್ದೆ. ಪಾಪ ಅನ್ನಿಸಿತೇನೋ, ತಮ್ಮ ಪ್ರೂಫನ್ನು ಎರಡು ಬೆರಳಲ್ಲಿ ಅಂಚು ಹಿಡಿದು ತೋರಿಸಿದರು. ಮುಖ ಕಂಡಿತು, ನನ್ನದೇ. ಇಷ್ಟು ಪೆದ್ದು ಮುಖವನ್ನು ನಮ್ಮ ಮನೆಯ ಕನ್ನಡಿ ಇಷ್ಟು ದಿನ ಮುಚ್ಚಿಟ್ಟಿತ್ತಲ್ಲ ಅನ್ನಿಸಿತು. ಆಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನನಗೆ ಕಾಫಿ ಕೊಟ್ಟರು.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಕೊಟ್ರೇನ್ಲಾ?"

"ಇಲ್ಲ."

"ಯಾಕೆ, ಒಳೀಲಿಲ್ವಾ?"

"ಜಾಸ್ತಿ ಒಳೀತವ್ವಾ."

ಅವ್ವ ನನ್ನ ಕೈಯಿಂದ ಡಬ್ಬಿ ಇಸಕೊಂಡಳು. "ಅಂಗಾದ್ರೆ ಅವ್ರುಗೆ ಒಟ್ಟೆಕಿಚ್ಚು. ಬಿಡ್ಲಾ, ಕೈ ತೊಳ್ಕೊಂಡ್ ಬಾ, ಉಣ್ಣು."