ಬೆಂಡೆಕಾಯಿಯ ಚೂಪು ತುದಿ

ಅಥವಾ ಅದು ಬೆಂಡೆಕಾಯಿ ಆಗಿರಲಿಲ್ಲವೇನೋ. ಹೀರೇಕಾಯಿಯೂ ಇದ್ದಿರಬಹುದು. ನೆನಪಿನಲ್ಲಿ ಇರುವುದಂತೂ ಬೆಂಡೆಕಾಯಿ, ತೊಟ್ಟಿನ ಕಡೆ ಅಡ್ಡಕ್ಕೆ ಕೊಯ್ದದ್ದು, ಕೊಯ್ದ ಜಾಗದಲ್ಲಿ ಐದು ಮೂಲೆ, ಲೋಳೆ. ಆದರೆ ನೆನಪು ತನಗೆ ಬೇಕಾದ ತರಕಾರಿಯನ್ನು ತಾನೇ ಸಂತೆಗೆ ಹೋಗಿ ತಂದುಕೊಳ್ಳುತ್ತದೆ. ಆ ದಿನದ ಒಂದು ಫೋಟೊ ಮೊಬೈಲಿನಲ್ಲಿ ಉಳಿದಿದೆ. ಒಂದು ಸ್ಟೀಲ್ ತಟ್ಟೆ, ಅರಿಶಿನ ಕಲಸಿದ ನೀರು, ಅರ್ಧಕ್ಕೆ ಕೊಯ್ದ ಈರುಳ್ಳಿ, ಯಾರದೋ ಮೊಣಕೈ. ಬೆಂಡೆಕಾಯಿ ಕಾಣುವುದಿಲ್ಲ. ಫೋಟೊ ತೆಗೆದವಳು ನಾನೇ, ಹಾಗಾಗಿ ನಾನೂ ಕಾಣುವುದಿಲ್ಲ.

ಬೆಂಡೆಕಾಯಿ ಎಂದೇ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಹರಪನಹಳ್ಳಿಯಲ್ಲಿ ಬಸ್ಸು ಹತ್ತಿ ಹಡಗಲಿಗೆ, ಅಲ್ಲಿಂದ ಮಾಗಳಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಮಕ್ಕಳಿಂದ ವಸಂತದ ಹೂಗಳ ಚಿತ್ರ ಮಾಡಿಸುವ ವಿಡಿಯೊ ಒಂದನ್ನು ಫೋನಿನಲ್ಲಿ ನೋಡಿದ್ದೆ. ಬಣ್ಣ, ಕುಂಚ ಏನೂ ಕೊಳ್ಳಬೇಕಿಲ್ಲ, ಅಡಿಗೆಮನೆಯಲ್ಲಿ ಇರುವುದೇ ಸಾಕು ಎನ್ನುತ್ತಿದ್ದಳು ಅದರೊಳಗಿನ ಹೆಂಗಸು. ಅವಳ ಉಗುರುಗಳು ಬಹಳ ಸ್ವಚ್ಛವಾಗಿದ್ದವು. ಅಕ್ಕನ ಎರಡನೆಯ ಮಗಳ ಜೊತೆ ಒಂದು ಮಧ್ಯಾಹ್ನ ಕೂತು ಇದನ್ನು ಮಾಡುವುದು, ಆಮೇಲೆ ಅವಳನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದು ಅಕ್ಕನಿಗೆ ಹೇಳುವುದು. ನಾನು ಹೋದದ್ದು ಇದಕ್ಕೆ. ಕೇಳುವುದಕ್ಕಲ್ಲ, ಹೇಳುವುದಕ್ಕೆ. ಯಾಕೆಂದರೆ ಅವಳನ್ನು ನನಗೆ ಕೊಟ್ಟಾಗಿತ್ತು.

ನನಗೆ ಮಕ್ಕಳಾಗಲಿಲ್ಲ. ಈ ಹುಡುಗಿ ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಅಕ್ಕ, "ತಗೋ, ಇದು ನಿಂದು. ನನಗ ದೊಡ್ಡಾಕಿ ಅದಾಳ" ಎಂದು ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ಇದ್ದವರೆಲ್ಲ ನಕ್ಕರು. ಯಾಕೆ ನಕ್ಕರೆಂದು ಆಗ ನಾನು ಯೋಚಿಸಲಿಲ್ಲ. ಮೊಲೆ ಬಿಡಲಿ ಎಂದಳು ಅಕ್ಕ, ಬಿಟ್ಟಿತು. ಅಂಗನವಾಡಿ ಮುಗಿಯಲಿ ಎಂದಳು, ಮುಗಿಯಿತು. ನಾಲ್ಕಕ್ಷರ ಬರಲಿ ಎಂದಳು, ಅದೂ ಬಂತು. ಈಗ ಐದನೆಯ ತರಗತಿ ಮುಗಿಯುತ್ತಿತ್ತು. ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಆರನೆಯದಕ್ಕೆ ಮಾತಾಡಿ ಬಂದಿದ್ದೆ. ಒಳಕೋಣೆಗೆ ಒಂದು ಮಂಚ ತರಿಸಿ, ಕಿಟಕಿಗೆ ಹೊಸ ಪರದೆ ಹಾಕಿದ್ದೆ. "ಮೊದ್ಲು ಹುಡುಗಿ ಬರ್ಲಿ ತಡಿ" ಎಂದಿದ್ದರು ನನ್ನ ಗಂಡ.

ಅಕ್ಕನ ಮನೆಯವರದು ಮಲ್ಲಿಗೆ ತೋಟ. ಆ ಕಡೆ ಮಲ್ಲಿಗೆ ಎಂದರೆ ಮೊಗ್ಗು. ಬಿಸಿಲು ಏರುವುದರೊಳಗೆ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಹಾಕಬೇಕು. ಗಿಡದ ಮೇಲೆ ಅರಳಿತೆಂದರೆ ಅದು ಹೋದಂತೆ. ದೊಡ್ಡ ಮಗಳು ಕಾಲೇಜಿಗೆಂದು ಕೊಟ್ಟೂರಿನ ಹಾಸ್ಟೆಲ್ ಸೇರಿದ ಮೇಲೆ ಬೆಳಗಿನ ಆ ಕೆಲಸ ಚಿಕ್ಕವಳ ಮೇಲೆ ಬಿದ್ದಿತ್ತು. ನಾನು ಹೋದ ದಿನವೂ ಅವಳು ತೋಟದಿಂದ ಬಂದು, ಶಾಲೆಗೆ ಹೋಗಿ, ತಿರುಗಿ ಬಂದಿದ್ದಳು. ಅಥವಾ ಆ ದಿನ ಶಾಲೆ ಇರಲಿಲ್ಲವೋ ಏನೋ. ದಣಿದಿದ್ದಳು ಎನ್ನುವುದು ಮಾತ್ರ ನೆನಪಿದೆ. ಅದೂ ನನಗೆ ಅನುಕೂಲವಾದ ನೆನಪೇ.

ಪಡಸಾಲೆಗೆ ಕಪ್ಪು ಕಡಪ ಕಲ್ಲು ಹಾಸಿತ್ತು. ಅದರ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹಾಸಿದೆ. ಅರಿಶಿನ, ಕುಂಕುಮ, ಬಟ್ಟೆಗೆ ಹಾಕುವ ನೀಲಿ, ಮೂರು ತಟ್ಟೆ. ಹಲ್ಲು ಮುರಿದ ಬಾಚಣಿಗೆ, ಬಾಟಲಿಯ ಮುಚ್ಚಳ, ಕಡ್ಡಿಗೆ ಸುತ್ತಿದ ಹತ್ತಿ. ಪಕ್ಕದ ಮನೆಯ ಇಬ್ಬರು ಹುಡುಗರು ಕರೆಯದೆಯೇ ಬಂದು ಕೂತರು. ಬೆಂಡೆಕಾಯಿಯನ್ನು ಕೊಯ್ದು, ಕುಂಕುಮದಲ್ಲಿ ಅದ್ದಿ, ಒಮ್ಮೆ ಒತ್ತಿ ತೋರಿಸಿದೆ. ಐದೆಸಳಿನ ಕೆಂಪು ಹೂವು. ಹುಡುಗರು ಹುಚ್ಚೆದ್ದು ಒತ್ತತೊಡಗಿದರು.

ಅಕ್ಕನ ಮಗಳು ಕೈ ಹಾಕಲಿಲ್ಲ. ತಟ್ಟೆಗಳನ್ನು ನೋಡುತ್ತಿದ್ದಳು.

"ಚಿಗವ್ವ, ಬಿಳೇದು ಎಲ್ಲೈತಿ?"

"ಹಾಳೀನ ಬಿಳೇದೈತಲ್ಲವ್ವ. ಅದರ ಮ್ಯಾಲ ಬಿಳೇದು ಕಾಣೂದಿಲ್ಲ."

ಅವಳು ಎದ್ದು ಹೋಗಿ, ಅಪ್ಪನ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತಂದು, ನೀರಿನಲ್ಲಿ ಕಲಸಿದಳು. ಹಾಳೆಯನ್ನು ಬದಿಗೆ ಸರಿಸಿ ಬರಿಯ ಕಲ್ಲಿನ ಮುಂದೆ ಕೂತಳು. ಬೆಂಡೆಕಾಯಿಯನ್ನು ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ಹಿಡಿದು, ಕೊಯ್ದ ಕಡೆಯನ್ನು ಬಿಟ್ಟು ಚೂಪು ತುದಿಯನ್ನು ಸುಣ್ಣದಲ್ಲಿ ಅದ್ದಿ, ಓರೆಯಾಗಿ ಒತ್ತಿದಳು.

"ಆ ಕಡಿ ಅಲ್ಲ, ಈ ಕಡಿ ಒತ್ತು. ಹೂವು ಬರ್ತೈತಿ."

"ಅದು ಅರಳಿದ್ದು."

"ಹೂವು ಅಂದ್ರ ಅರಳಿದ್ದ ಅಲ್ಲೇನು?"

"ಅರಳಿದ್ರ ಯಾರ್ ತಗೊಂತಾರ, ಚಿಗವ್ವ?"

ನನ್ನ ಮೇಲೆ ಕರುಣೆ ಬಂದವಳ ಹಾಗೆ ಕೇಳಿದಳು. ಹುಡುಗರಲ್ಲಿ ಒಬ್ಬ ನಕ್ಕ. "ಆಕಿ ಕಲ್ಲಿಗಿ ಸುಣ್ಣ ಹೊಡಿಯಾಕ ಹತ್ಯಾಳ ನೋಡ್ರಿ."

"ನಿಂದು ನೋಡ್ಕೊ ಲೇ" ಎಂದಳು ಅವಳು. "ಸೇವಂತಿಗಿ ಮ್ಯಾಲ ನಾಯಿ ಅಡ್ಡಾಡಿದಂಗ ಆಗೈತಿ."

ಅವಳು ಒತ್ತುತ್ತ ಹೋದಳು. ಎರಡು ಈ ಕಡೆಗೆ, ಎರಡು ಆ ಕಡೆಗೆ, ಮಾಲೆ ಕಟ್ಟುವಾಗ ಇಡುವ ಹಾಗೆ. ಹಸಿ ಸುಣ್ಣ ಕಲ್ಲಿನ ಮೇಲೆ ನೀರಿನ ಹಾಗೆ ಇತ್ತು, ಏನು ಒತ್ತುತ್ತಿದ್ದಾಳೆಂದು ಕಾಣುತ್ತಿರಲಿಲ್ಲ. ಅವಳಿಗೆ ಅದರ ಚಿಂತೆ ಇರಲಿಲ್ಲ. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಹತ್ತು ವರ್ಷದ ಹುಡುಗಿಗೆ ಅರಳಿದ ಹೂವನ್ನು ಬರೆಯಲು ಬಿಡದ ಮನೆ ಎಂಥದ್ದು ಎಂದುಕೊಂಡೆ. ಈಗ ಅನಿಸುತ್ತದೆ, ಅವಳಿಗೆ ಮೊಗ್ಗೇ ಚೆಂದ ಕಂಡಿರಬಹುದು. ಹೂವು ಎಂದರೆ ಅರಳಲೇಬೇಕು ಎಂಬುದು ವಿಡಿಯೊದ ಹೆಂಗಸಿನ ಮಾತು.

ಅಕ್ಕ ಹಿತ್ತಿಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಏನವ್ವ, ನಮ್ಮೂರಾಗ ಹೂವಿಗಿ ಬರ ಬಂತೇನು? ಕಾಯಿಪಲ್ಯಾದಾಗ ಹೂವು ಮಾಡಾಕ ಹತ್ತೀರಿ."

ಹುಡುಗರು ನಕ್ಕರು. ನಾನು ಹೇಳಬೇಕಾದದ್ದನ್ನು ಆಗಲೇ ಹೇಳಿಬಿಟ್ಟೆ. ಹುಡುಗಿ ಅಲ್ಲಿಯೇ ಇದ್ದಳು.

"ಅಕ್ಕ, ಈ ಸಲ ಇಕಿನ್ನ ಕರ್ಕೊಂಡ್ ಹೋಗ್ತೀನಿ."

"ಹೋಗು. ರಜಾ ಬಿಟ್ಟ ಮ್ಯಾಲ ನಾಕ್ ದಿನ ಇಟ್ಕೊ. ಯಾರ್ ಬ್ಯಾಡಂದ್ರು?"

"ನಾಕ್ ದಿನಕ್ಕಲ್ಲ. ಸಾಲಿಗಿ ಮಾತಾಡೀನಿ. ನೀನ ಅಂದಿದ್ದಿ."

ಅಕ್ಕ ಒಣಗಿದ ಕೈಯನ್ನೇ ಮತ್ತೊಮ್ಮೆ ಸೆರಗಿಗೆ ಒರೆಸಿದಳು. "ಬಾಣಂತ್ಯಾಗ ಹತ್ತು ಮಾತು ಬರ್ತಾವ. ಅವನ್ನೆಲ್ಲಾ ಗಂಟು ಕಟ್ಟಿ ಇಟ್ಕೊಂಡೀಯೇನು?"

"ಒಂದ ಮಾತು ಇಟ್ಕೊಂಡೀನಿ."

"ಮಕ್ಕಳನ್ನ ಕೊಡೂದಂದ್ರ ಸೌತಿಕಾಯಿ ಕೊಟ್ಟಂಗೇನ?"

"ದೊಡ್ಡಾಕಿನ್ನ ಕೊಟ್ಟೂರಿಗಿ ಕಳಿಸಿದ್ಯಲ್ಲ."

"ಆಕಿ ಓದಾಕ ಹೋಗ್ಯಾಳ."

"ಇಕಿನೂ ಓದಾಕ."

"ನಿನಗ ತಿಳಿಯಂಗಿಲ್ಲ. ಇಕಿ ಕೈ ಅಂಥಾದ್ದು. ಮೊಗ್ಗು ಒಂದ್ ನಲುಗಂಗಿಲ್ಲ ಇಕಿ ಕೈಯಾಗ. ದೊಡ್ಡಾಕಿ ಇದ್ರೂ ಅಷ್ಟ, ಇರದಿದ್ರೂ ಅಷ್ಟ."

ಅಷ್ಟರಲ್ಲಿ ಸುಣ್ಣ ಒಣಗಿತ್ತು. ಕಪ್ಪು ಕಲ್ಲಿನ ಮೇಲೆ ಬಾಗಿಲಿನ ತನಕ ಬಿಳಿ ಮೊಗ್ಗು ಎದ್ದಿದ್ದವು. ಅಕ್ಕ ಬಗ್ಗಿ ನೋಡಿ, "ನೋಡು, ನೀ ಕೂಡಿಸಿ ಕಲಿಸಿದ್ರೂ ಮೊಗ್ಗ" ಎಂದಳು. ಗೆದ್ದವಳ ದನಿ ಅದು.

ಈ ಜಾಗದಲ್ಲಿ ನನಗೆ ಅನುಮಾನ. ಅಷ್ಟು ಬೇಗ ಸುಣ್ಣ ಒಣಗುತ್ತದೆಯೇ? ನಮ್ಮ ಮಾತು ಅಷ್ಟು ಉದ್ದ ಇತ್ತೇ? ಬಹುಶಃ ನಾವು ಚಹಾ ಕುಡಿದ ಮೇಲೆ ಅಕ್ಕ ಅದನ್ನು ನೋಡಿದ್ದು. ಜಗಳದ ನಡುವೆ ಅದನ್ನು ತಂದು ಇಟ್ಟವಳು ನಾನೇ ಇರಬೇಕು. ಅಕ್ಕನ ಮಾತುಗಳನ್ನೂ ಇಷ್ಟು ಚೂಪು ಮಾಡಿದವಳು ನಾನೇ ಇರಬಹುದು. ಅಕ್ಕ ಅಳುತ್ತಿದ್ದಳೇ? ಒಮ್ಮೊಮ್ಮೆ ಹಾಗೂ ಕಾಣುತ್ತದೆ. ಆ ಚಿತ್ರವನ್ನು ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆಮೇಲಿನದು ಮಾತ್ರ ಖಚಿತ. ಅಕ್ಕ, "ಆಕಿನ್ನ ಕೇಳು. ಬರ್ತೀನಂದ್ರ ಕರ್ಕೊಂಡ್ ಹೋಗು" ಎಂದಳು. ಹುಡುಗಿ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದಳು. ಸುಣ್ಣ ತಾಗಿ ಬೆರಳ ತುದಿ ಕೆಂಪಗಾಗಿತ್ತು. ಹತ್ತಿರ ಹೋಗಿ ಕೇಳಿದೆ.

"ನನ್ನ ಕೂಡ ಬರ್ತೀಯೇನವ್ವ? ಅಲ್ಲೇ ಸಾಲಿ ಕಲಿಯಾಕ."

ಅವಳು ನನ್ನನ್ನೂ ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅವ್ವನನ್ನೂ ನೋಡಲಿಲ್ಲ. ಇನ್ನೊಂದು ಚೆಂಬು ನೀರು ಸುರಿದುಕೊಂಡು, "ಮಳಿಗಾಲ ಬರ್ಲಿ, ಚಿಗವ್ವ" ಎಂದಳು.

ಅಕ್ಕ ನಕ್ಕಳು. ನಾನು ಬೆನ್ನು ತಿರುಗಿಸಿ ಚಪ್ಪಲಿ ಹುಡುಕಿದೆ.

ಮಳೆ ಹಿಡಿದರೆ ಮೊಗ್ಗು ಇಳಿಯುತ್ತದೆ, ತೋಟದ ಕೆಲಸ ಕಡಿಮೆಯಾಗುತ್ತದೆ, ಶಾಲೆಯೂ ಆಗಲೇ ತೆರೆಯುತ್ತದೆ. ಹುಡುಗಿ ಲೆಕ್ಕ ಹಾಕಿಯೇ ಹೇಳಿದ್ದಾಳೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ಅದೂ ಅವರವ್ವನ ಮಾತ ಆತಲ್ಲ" ಎಂದು ಪೇಪರ್ ಮಡಚಿಟ್ಟರು. ಆ ರಾತ್ರಿ ಅವರಿಗೆ ಊಟಕ್ಕೆ ಬಡಿಸಲಿಲ್ಲ, ತಾವೇ ಬಡಿಸಿಕೊಂಡರು.

ಮಳೆ ಬಂತು. ಫೋನ್ ಮಾಡಿದೆ. ಊರಿನ ಶಾಲೆಗೇ ಹಾಕಿಯಾಯಿತು ಎಂದಳು ಅಕ್ಕ, ಬೇರೆ ಏನೋ ಮಾತಿನ ನಡುವೆ. ಅವಳ ಕೈಗೆ ಕೊಡು ಎಂದರೆ ತೋಟಕ್ಕೆ ಹೋಗ್ಯಾಳ ಎಂದಳು. ಮತ್ತೊಮ್ಮೆ ಮಾಡಿದಾಗ ಮಲಗ್ಯಾಳ ಎಂದಳು. ನಾನು ಮಾಡುವುದನ್ನು ಬಿಟ್ಟೆ. ಆ ಮಂಚದ ಮೇಲೆ ಈಗ ಇಸ್ತ್ರಿಗೆ ಹಾಕುವ ಬಟ್ಟೆ ರಾಶಿ ಬಿದ್ದಿರುತ್ತದೆ. ಕಾಲ ಬಂದಾಗ ಅಕ್ಕ ಹಡಗಲಿ ಬಸ್ಸಿನಲ್ಲಿ ಮಲ್ಲಿಗೆ ಕಳಿಸುತ್ತಾಳೆ, ಏನೂ ಆಗಿಲ್ಲ ಎನ್ನುವ ಹಾಗೆ. ಅವು ಸಂಜೆಗೆ ಅರಳುತ್ತವೆ, ಮನೆಯೆಲ್ಲ ವಾಸನೆ. ಪಕ್ಕದ ಮನೆಗೆ ಕೊಟ್ಟುಬಿಡುತ್ತೇನೆ. ಅವರು ನನ್ನನ್ನು ಧಾರಾಳಿ ಎಂದುಕೊಂಡಿದ್ದಾರೆ.

ಹುಡುಗಿ ಆ ದಿನ ನನಗೆ ಒಂದು ಗಡುವು ಕೊಟ್ಟಳೋ, ನನ್ನನ್ನು ಸಾಗಹಾಕಿದಳೋ ಗೊತ್ತಿಲ್ಲ. ಮಳೆ ಬಂದ ಮೇಲೆ ಯಾರಾದರೂ ಅವಳನ್ನು ಮತ್ತೆ ಕೇಳಿದರೋ ಇಲ್ಲವೋ ಗೊತ್ತಿಲ್ಲ. ನಾನು ಬರುತ್ತೇನೆಂದು ಅವಳು ಬಟ್ಟೆ ಮಡಚಿಟ್ಟುಕೊಂಡು ಕಾದಿದ್ದಳೋ ಏನೋ, ಅದೂ ನನಗೆ ಗೊತ್ತಿಲ್ಲ.